ಪ್ರಾಥಮಿಕ ಶಾಲೆಯ ಡೈನೋಸಾರ್ ಪಾಠ: ಕಾರಣಕಥೆಯಿಂದ ಸಾಕ್ಷ್ಯದವರೆಗೆ

ಜನಪದ ಕಥನ ಪ್ರಕಾರಗಳಲ್ಲಿ ಕಾರಣಕಥೆಗೆ ವಿಶಿಷ್ಟ ಸ್ಥಾನವಿದೆ. ಕಣ್ಣಿಗೆ ಕಾಣುವ ಒಂದು ಲಕ್ಷಣವನ್ನು ಎತ್ತಿಕೊಂಡು ಅದು ಹೀಗೇಕೆ ಇದೆ ಎಂದು ಕೇಳುವುದು, ಆ ಪ್ರಶ್ನೆಗೆ ಒಂದು ಘಟನೆಯ ರೂಪದಲ್ಲಿ ಉತ್ತರ ಹೇಳುವುದು ಈ ಪ್ರಕಾರದ ಮೂಲ ಸ್ವರೂಪ. ಅಳಿಲಿನ ಬೆನ್ನಿನ ಮೂರು ಗೆರೆಗಳು ಸೇತುವೆ ಕಟ್ಟುವಾಗ ರಾಮನು ಪ್ರೀತಿಯಿಂದ ಸವರಿದ ಬೆರಳುಗಳ ಗುರುತು ಎಂಬ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ಕನ್ನಡ ನಾಡಿನಲ್ಲಿ ವಿರಳ. ಕಥೆಯು ಲಕ್ಷಣದಿಂದ ಹೊರಟು ಲಕ್ಷಣಕ್ಕೇ ಬಂದು ನಿಲ್ಲುತ್ತದೆ. ನಡುವಿನ ಘಟನೆಯನ್ನು ಪರೀಕ್ಷಿಸುವ ಅಗತ್ಯ ಹೇಳುವವರಿಗೂ ಇಲ್ಲ, ಕೇಳುವವರಿಗೂ ಇಲ್ಲ. ಪ್ರಾಣಿಶಾಸ್ತ್ರವನ್ನು ತಿಳಿಸುವುದು ಅದರ ಉದ್ದೇಶವಲ್ಲ. ಅಲ್ಪರ ಸೇವೆಯೂ ಸಲ್ಲುತ್ತದೆ ಎಂಬ ಮೌಲ್ಯವನ್ನು ಅದು ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತದೆ.

ಪ್ರಾಥಮಿಕ ಶಾಲೆಯ ವಿಜ್ಞಾನ ಪಾಠವೂ ಬಹುಮಟ್ಟಿಗೆ ಇದೇ ಬಗೆಯ ಪ್ರಶ್ನೆಯಿಂದ ಆರಂಭವಾಗುತ್ತದೆ. ಬಾತುಕೋಳಿಗೆ ಜಾಲಪಾದವೇಕೆ, ಒಂಟೆಗೆ ಡುಬ್ಬವೇಕೆ ಎಂಬ ಪ್ರಶ್ನೆಗಳ ಸಾಲಿನಲ್ಲಿಯೇ ಸ್ಟೆಗೊಸಾರಸ್‌ನ ಬೆನ್ನಿಗೆ ಫಲಕಗಳೇಕೆ, ಟ್ರೈಸೆರಾಟಾಪ್ಸ್‌ಗೆ ಮೂರು ಕೊಂಬುಗಳೇಕೆ ಎಂಬ ಪ್ರಶ್ನೆಗಳೂ ಬರುತ್ತವೆ. ‘ಶತ್ರುಗಳಿಂದ ರಕ್ಷಿಸಿಕೊಳ್ಳುವುದಕ್ಕಾಗಿ’ ಎಂದು ಉತ್ತರ ಬರೆಸಿದಲ್ಲಿಗೆ ಪಾಠ ಮುಗಿಯುತ್ತದೆ. ಉತ್ತರದಲ್ಲಿ ವಿಜ್ಞಾನದ ಪದಗಳಿದ್ದರೂ ಅದರ ರಚನೆ ಕಾರಣಕಥೆಯದೇ. ಬಾತುಕೋಳಿಯ ವಿಷಯದಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ; ಮಗು ಕೆರೆಯ ದಡದಲ್ಲಿ ನಿಂತು ಉತ್ತರವನ್ನು ಪರೀಕ್ಷಿಸಿಕೊಳ್ಳಬಹುದು. ಪಕ್ಷಿಗಳ ಪೂರ್ವಜರ ಶಾಖೆಯೊಂದನ್ನು ಬಿಟ್ಟು ಉಳಿದ ಡೈನೋಸಾರ್‌ಗಳೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆಯೇ ಅಳಿದಿವೆ. ಅವುಗಳ ಬದುಕನ್ನು ಕಂಡವರಿಲ್ಲ. ಮೂಳೆ, ಹಲ್ಲು, ಮೊಟ್ಟೆ, ಹೆಜ್ಜೆಗುರುತು, ಲದ್ದಿ ಮೊದಲಾದ ಪಳೆಯುಳಿಕೆಗಳೇ ಸಾಕ್ಷಿ. ಆದುದರಿಂದ ಕಥೆಗೂ ಸಾಕ್ಷ್ಯಕ್ಕೂ ಇರುವ ಅಂತರವನ್ನು ಮಗುವಿಗೆ ಕಾಣಿಸಲು ಡೈನೋಸಾರ್ ಪಾಠದಷ್ಟು ತಕ್ಕ ಪಾಠ ಇನ್ನೊಂದಿಲ್ಲ. ಈ ಪಾಠವು ಇಂಗ್ಲೆಂಡಿನಲ್ಲಿ ರೂಪುಗೊಂಡ ಬಗೆಯನ್ನೂ, ಭಾರತದಲ್ಲಿ ಅದಕ್ಕೆ ಒದಗಿಬಂದಿರುವ ಸಾಮಗ್ರಿಯನ್ನೂ ಪ್ರಸ್ತುತ ಪ್ರಬಂಧ ಪರಿಶೀಲಿಸುತ್ತದೆ.

ಮೂಗಿನ ಮೇಲಿನ ಕೊಂಬು

ಡೈನೋಸಾರ್‌ಗಳ ಅಧ್ಯಯನ ಹಲ್ಲಿನಿಂದ ಬೆಳೆಯಿತು ಎಂದರೆ ಅತಿಶಯೋಕ್ತಿಯಲ್ಲ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ವೈದ್ಯ ಗಿಡಿಯನ್ ಮ್ಯಾಂಟೆಲ್ ಅಲ್ಲಿಯ ಶಿಲಾಸ್ತರಗಳಲ್ಲಿ ದೊರೆತ ಸವೆದ ಹಲ್ಲುಗಳನ್ನು ದಕ್ಷಿಣ ಅಮೆರಿಕದ ಇಗ್ವಾನಾ ಎಂಬ ಹಲ್ಲಿಯ ಹಲ್ಲಿನೊಡನೆ ಹೋಲಿಸಿ 1825ರಲ್ಲಿ ಇಗ್ವಾನೊಡಾನ್ ಎಂಬ ಹೆಸರನ್ನು ಪ್ರಕಟಿಸಿದನು. ಅದಕ್ಕೆ ಒಂದು ವರ್ಷ ಮೊದಲು ವಿಲಿಯಂ ಬಕ್‌ಲ್ಯಾಂಡ್ ಮೆಗಲೊಸಾರಸ್ ಎಂಬ ಮಾಂಸಾಹಾರಿಯನ್ನು ವಿವರಿಸಿದ್ದನು. ಇವೆರಡರ ಜೊತೆಗೆ ಹೈಲಿಯೊಸಾರಸ್ ಎಂಬ ಮೂರನೆಯದನ್ನೂ ಸೇರಿಸಿ, ಈ ಪ್ರಾಣಿಗಳೆಲ್ಲ ಒಂದೇ ಗುಂಪಿಗೆ ಸೇರಿದವೆಂದು ಹೇಳಿ, 1842ರಲ್ಲಿ ರಿಚರ್ಡ್ ಓವೆನ್ ಆ ಗುಂಪಿಗೆ ಡೈನೊಸಾರಿಯಾ ಎಂದು ಹೆಸರಿಟ್ಟನು. ಗ್ರೀಕ್ ಮೂಲದ ಆ ಪದಕ್ಕೆ ಭಯಂಕರ ಗಾತ್ರದ ಹಲ್ಲಿ ಎಂಬ ಅರ್ಥವಿದೆ. ಒಟ್ಟು ಗುಂಪನ್ನು ಕಟ್ಟಲು ಆಗ ಇದ್ದ ಆಧಾರ ಮೂರು ಪ್ರಾಣಿಗಳ ಅಪೂರ್ಣ ಅವಶೇಷಗಳು ಮಾತ್ರ ಎಂಬುದು ಗಮನಾರ್ಹ.

ಮ್ಯಾಂಟೆಲ್‌ನ ಶೋಧದ ಸುತ್ತ ಒಂದು ಐತಿಹ್ಯವೂ ಬೆಳೆದಿದೆ. ವೈದ್ಯನು ರೋಗಿಯ ಮನೆಯೊಳಗಿದ್ದಾಗ ಹೊರಗೆ ಕಾಯುತ್ತಿದ್ದ ಅವನ ಪತ್ನಿ ಮೇರಿ ಆ್ಯನ್‌ಗೆ ದಾರಿಬದಿಯ ಕಲ್ಲುರಾಶಿಯಲ್ಲಿ ಮೊದಲ ಹಲ್ಲು ಕಂಡಿತು ಎಂಬ ಈ ಕಥೆ ಮಕ್ಕಳ ಪುಸ್ತಕಗಳಲ್ಲಿ ಪದೇ ಪದೇ ಬರುತ್ತದೆ. ಇದಕ್ಕೆ ಸಮಕಾಲೀನ ದಾಖಲೆಯ ಬೆಂಬಲ ಸಾಲದೆಂದು ಇತಿಹಾಸಕಾರರು ಸಂದೇಹಿಸಿದ್ದಾರೆ. ಆಕಸ್ಮಿಕ, ದಾರಿಬದಿ, ಕಾಯುತ್ತಿರುವ ಹೆಣ್ಣು, ಕಲ್ಲಿನ ನಡುವೆ ನಿಧಿ ಇವೆಲ್ಲ ಜನಪದ ಕಥನಕ್ಕೆ ಪರಿಚಿತವಾದ ಆಶಯಗಳು. ವಿಜ್ಞಾನವೂ ತನ್ನ ಹುಟ್ಟಿನ ಬಗ್ಗೆ ಐತಿಹ್ಯಗಳನ್ನು ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಮ್ಯಾಂಟೆಲ್‌ಗೆ ದೊರೆತ ಅವಶೇಷಗಳಲ್ಲಿ ಶಂಕುವಿನಾಕಾರದ ಚೂಪಾದ ಮೂಳೆಯೊಂದಿತ್ತು. ಅದನ್ನು ಆತ ಮೂಗಿನ ಮೇಲಿನ ಕೊಂಬೆಂದು ಭಾವಿಸಿದನು. ಖಡ್ಗಮೃಗವನ್ನೂ ಕೊಂಬುಳ್ಳ ಹಲ್ಲಿಗಳನ್ನೂ ಬಲ್ಲ ಕಾಲಕ್ಕೆ ಅದು ಸಹಜವಾದ ಊಹೆಯೇ ಆಗಿತ್ತು. 1854ರಲ್ಲಿ ಲಂಡನ್ನಿನ ಸಿಡೆನ್‌ಹ್ಯಾಮ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್‌ನ ಉದ್ಯಾನ ತೆರೆದಾಗ ಶಿಲ್ಪಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಅಲ್ಲಿ ನಿರ್ಮಿಸಿದ ಇಗ್ವಾನೊಡಾನ್ ಪ್ರತಿಮೆಗಳ ಮೂಗಿನ ಮೇಲೆ ಆ ಕೊಂಬು ನೆಲೆಗೊಂಡಿತು. ಅದೇ ವರ್ಷ ಹಾಕಿನ್ಸ್ ಭೂವಿಜ್ಞಾನದಲ್ಲಿ ದೃಶ್ಯ ಶಿಕ್ಷಣದ ಬಗ್ಗೆ ಲಂಡನ್ನಿನಲ್ಲಿ ಉಪನ್ಯಾಸ ನೀಡಿದನು. ಬರಿಯ ಹೆಸರುಗಳನ್ನು ಕಲಿಸುವ ಬದಲು ವಸ್ತುವನ್ನು ಕಣ್ಣಿಗೆ ಕಾಣಿಸಿ ಕಲಿಸಬೇಕೆಂಬುದು ಅವನ ನಿಲುವು. ಪ್ರತಿಮೆಗಳ ಚಿಕ್ಕ ಮಾದರಿಗಳೂ ಗೋಡೆಗೆ ತೂಗುಹಾಕುವ ಚಿತ್ರಪಟಗಳೂ ಬೋಧನೆಗಾಗಿ ಸಿದ್ಧವಾದವು. ಮಕ್ಕಳಿಗೆ ಡೈನೋಸಾರ್‌ಗಳನ್ನು ತೋರಿಸಿ ಕಲಿಸುವ ಪರಂಪರೆಯ ಒಂದು ಮುಖ್ಯ ಆರಂಭವನ್ನು ಇಲ್ಲಿ ಗುರುತಿಸಬಹುದು.

ಇದೇ ಉದ್ಯಾನ ಒಂದು ಗೊಂದಲಕ್ಕೂ ಆಶ್ರಯ ನೀಡಿತು. ಮೂವತ್ತಕ್ಕೂ ಹೆಚ್ಚಿನ ಆ ಪ್ರತಿಮೆಗಳಲ್ಲಿ ಡೈನೋಸಾರ್‌ಗಳು ನಾಲ್ಕೇ: ಎರಡು ಇಗ್ವಾನೊಡಾನ್, ಒಂದು ಮೆಗಲೊಸಾರಸ್, ಒಂದು ಹೈಲಿಯೊಸಾರಸ್. ಉಳಿದವು ಕಡಲಿನ ಇಕ್ತಿಯೊಸಾರ್, ಪ್ಲೀಸಿಯೊಸಾರ್‌ಗಳು, ಹಾರುವ ಟೆರೊಸಾರ್‌ಗಳು, ಅಳಿದುಹೋದ ಸಸ್ತನಿಗಳು ಮುಂತಾದವು. ಜನರ ಬಾಯಲ್ಲಿ ಮಾತ್ರ ಅವೆಲ್ಲವೂ ಕ್ರಿಸ್ಟಲ್ ಪ್ಯಾಲೇಸ್ ಡೈನೋಸಾರ್‌ಗಳೇ. ಲೈಮ್ ರೀಜಿಸ್‌ನ ಕಡಲ ತೀರದಲ್ಲಿ ಇಕ್ತಿಯೊಸಾರ್, ಪ್ಲೀಸಿಯೊಸಾರ್‌ಗಳನ್ನು ಅಗೆದು ತೆಗೆದು ಹೆಸರಾದ ಮೇರಿ ಆ್ಯನಿಂಗ್ (1799–1847) ಮಕ್ಕಳ ಪುಸ್ತಕಗಳಲ್ಲಿ ಡೈನೋಸಾರ್ ಶೋಧಕಿಯಾಗಿ ಕಾಣಿಸಿಕೊಳ್ಳುವುದೂ ಇದೇ ಕಾರಣದಿಂದ.

ಹೆಬ್ಬೆರಳಿಗೆ ಇಳಿದ ಮುಳ್ಳು

1878ರಲ್ಲಿ ಬೆಲ್ಜಿಯಂನ ಬರ್ನಿಸಾರ್ ಎಂಬಲ್ಲಿ ಕಲ್ಲಿದ್ದಲ ಗಣಿಯ ಕಾರ್ಮಿಕರಿಗೆ 322 ಮೀಟರ್ ಆಳದಲ್ಲಿ ಇಗ್ವಾನೊಡಾನ್‌ಗಳ ಮೂಳೆಗಳು ದೊರೆತವು. ಮೂವತ್ತಕ್ಕೂ ಹೆಚ್ಚು ಪ್ರಾಣಿಗಳ ಅವಶೇಷಗಳು ಅಲ್ಲಿದ್ದವು. ಅನೇಕ ಅಸ್ಥಿಪಂಜರಗಳಲ್ಲಿ ಮೂಳೆಗಳು ಸ್ವಸ್ಥಾನದಲ್ಲಿಯೇ ಉಳಿದಿದ್ದವು. ಮ್ಯಾಂಟೆಲ್‌ನ ಕೊಂಬು ಮೂಗಿನದಾಗಿರದೆ ಮುಂಗಾಲಿನ ಹೆಬ್ಬೆರಳಿನ ಮುಳ್ಳು ಎಂಬುದು ಆಗ ನಿಶ್ಚಯವಾಯಿತು. ಅರ್ಧ ಶತಮಾನ ಪ್ರಚಲಿತವಾಗಿದ್ದ ಒಂದು ಊಹೆಯನ್ನು, ಮೂಳೆ ಎಲ್ಲಿತ್ತು ಎಂಬ ಒಂದೇ ಸಾಕ್ಷ್ಯ ಬದಲಿಸಿತು.

ತಿದ್ದುಪಡಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಅಸ್ಥಿಪಂಜರಗಳನ್ನು ಅಭ್ಯಸಿಸಿದ ಲೂಯಿ ಡೊಲೊ ಅವುಗಳನ್ನು ಕಾಂಗರೂವಿನಂತೆ ಬಾಲವನ್ನು ನೆಲಕ್ಕೂರಿ ಎದ್ದುನಿಂತ ಭಂಗಿಯಲ್ಲಿ ಕಲ್ಪಿಸಿದನು. ಸುಮಾರು ನೂರು ವರ್ಷಗಳ ನಂತರ, 1980ರಲ್ಲಿ, ಡೇವಿಡ್ ನಾರ್ಮನ್ ಅದೇ ಮೂಳೆಗಳನ್ನು ಮರುಪರಿಶೀಲಿಸಿದನು. ಬಾಲದುದ್ದಕ್ಕೂ ಗಟ್ಟಿಯಾಗಿ ಮೂಳೆಯಂತಾದ ಸ್ನಾಯುರಜ್ಜುಗಳಿದ್ದುದರಿಂದ ಅದು ಹಾಗೆ ಬಾಗುವಂತಿರಲಿಲ್ಲ. ಬಾಲವನ್ನು ಮುರಿಯದೆ ಆ ಭಂಗಿ ಸಾಧ್ಯವಿರಲಿಲ್ಲವೆಂದೂ, ಪ್ರಾಣಿಯ ಬೆನ್ನು ಮತ್ತು ಬಾಲ ನೆಲಕ್ಕೆ ಸಮಾನಾಂತರವಾಗಿ ಇದ್ದವೆಂದೂ ನಾರ್ಮನ್ ತೋರಿಸಿದನು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ 1905ರ ಮೇ 12ರಂದು ಅನಾವರಣಗೊಂಡ ಡಿಪ್ಲೊಡೊಕಸ್‌ನ ಎರಕಕ್ಕೂ ಇಂಥದೇ ತಿದ್ದುಪಡಿಯಾಯಿತು. ದಶಕಗಳ ಕಾಲ ನೆಲಕ್ಕೆ ಒರಗಿದ್ದ ಅದರ ಬಾಲವನ್ನು 1993ರಲ್ಲಿ ಮೇಲಕ್ಕೆತ್ತಿ ನಿಲ್ಲಿಸಲಾಯಿತು. ಡೈನೋಸಾರ್‌ಗಳ ಹೆಜ್ಜೆಗುರುತುಗಳ ನಡುವೆ ಬಾಲ ಎಳೆದ ಗೆರೆಗಳು ಸಾಮಾನ್ಯವಾಗಿ ಕಾಣಸಿಗುವುದಿಲ್ಲ ಎಂಬುದು ಈ ಹೊಸ ತಿಳಿವಳಿಕೆಗೆ ಒಂದು ಆಧಾರ.

ಆ ಮುಳ್ಳಿನ ಸ್ಥಾನ ನಿಶ್ಚಯವಾದರೂ ಉಪಯೋಗ ನಿಶ್ಚಯವಾಗಿಲ್ಲ. ಶತ್ರುವನ್ನು ತಿವಿಯಲು, ಆಹಾರವನ್ನು ಒಡೆಯಲು ಎಂಬ ಊಹೆಗಳಿವೆ. ಅದೇ ಮುಂಗಾಲಿನ ನಡುವಿನ ಮೂರು ಬೆರಳುಗಳು ಗೊರಸಿನಂತೆ ಭಾರ ಹೊರುವಂಥವು. ಕಿರುಬೆರಳು ಬಾಗಿ ಹಿಡಿಯುವಂಥದು. ಇಗ್ವಾನೊಡಾನ್‌ನ ಮುಂಗಾಲಿನ ಒಂದು ಚಿತ್ರವನ್ನು ಮಕ್ಕಳ ಮುಂದಿಟ್ಟರೆ ಹೊಂದಾಣಿಕೆಯ ಪಾಠದ ಮೂರು ಹಂತಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ: ಅಂಗ ಯಾವುದು, ಅದು ದೇಹದ ಯಾವ ಭಾಗದಲ್ಲಿತ್ತು, ಅದರಿಂದ ಏನು ಮಾಡಲು ಸಾಧ್ಯವಿತ್ತು. ಮೊದಲ ಎರಡಕ್ಕೆ ಮೂಳೆಯೇ ಉತ್ತರಿಸುತ್ತದೆ. ಮೂರನೆಯದಕ್ಕೆ ತರ್ಕ ಬೇಕು. ಕೆಲವೊಮ್ಮೆ ಪ್ರಶ್ನೆಯನ್ನು ತೆರೆದೇ ಇಡಬೇಕಾಗುತ್ತದೆ.

ಬಗೆಗಳು ಮತ್ತು ವರ್ಗೀಕರಣ

ಶಾಲೆಯಲ್ಲಿ ಡೈನೋಸಾರ್‌ಗಳನ್ನು ಸಾಮಾನ್ಯವಾಗಿ ಸಸ್ಯಾಹಾರಿ, ಮಾಂಸಾಹಾರಿ ಎಂದು ಎರಡಾಗಿ ವಿಂಗಡಿಸುತ್ತಾರೆ. ಮಕ್ಕಳಿಗೆ ಇದು ಸುಲಭವಾದರೂ ಇದು ಬದುಕಿನ ರೀತಿಯ ವಿಂಗಡಣೆಯೇ ಹೊರತು ರಕ್ತಸಂಬಂಧದ್ದಲ್ಲ. ಹ್ಯಾರಿ ಸೀಲಿ 1880ರ ದಶಕದ ಕೊನೆಯಲ್ಲಿ ಸೊಂಟದ ಮೂಳೆಯ ರಚನೆಯನ್ನು ಆಧರಿಸಿ ಹಲ್ಲಿಸೊಂಟದವು, ಹಕ್ಕಿಸೊಂಟದವು ಎಂಬ ಎರಡು ಶಾಖೆಗಳನ್ನು ಹೇಳಿದನು. ಮಾಂಸಾಹಾರಿ ಟೈರನೊಸಾರಸ್ ಮತ್ತು ಸೊಪ್ಪು ತಿನ್ನುವ ನೀಳಕತ್ತಿನ ಡಿಪ್ಲೊಡೊಕಸ್ ಮೊದಲನೆಯ ಶಾಖೆಗೂ, ಇಗ್ವಾನೊಡಾನ್, ಸ್ಟೆಗೊಸಾರಸ್, ಟ್ರೈಸೆರಾಟಾಪ್ಸ್‌ಗಳು ಎರಡನೆಯದಕ್ಕೂ ಸೇರುತ್ತವೆ. ಹಕ್ಕಿಗಳು ವಿಕಾಸಗೊಂಡದ್ದು ಹಕ್ಕಿಸೊಂಟದ ಶಾಖೆಯಿಂದಲ್ಲ, ಹಲ್ಲಿಸೊಂಟದ ಶಾಖೆಯಿಂದ! ಹೋಲಿಕೆಯೊಂದನ್ನೇ ನಂಬಿ ನಂಟನ್ನು ನಿರ್ಧರಿಸಲಾಗದು ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಈ ವರ್ಗೀಕರಣವನ್ನೇ ಪ್ರಶ್ನಿಸುವ ಪ್ರಸ್ತಾಪವೊಂದು 2017ರಲ್ಲಿ ಪ್ರಕಟವಾಗಿ ಚರ್ಚೆಗೆ ಒಳಗಾಯಿತು.

ಯಾವುದು ಡೈನೋಸಾರ್, ಯಾವುದು ಅಲ್ಲ ಎಂಬುದನ್ನು ಮಕ್ಕಳು ಕಾಲಿನಿಂದಲೇ ಕಲಿಯಬಹುದು. ಓತಿಕ್ಯಾತದ ಕಾಲುಗಳು ದೇಹದ ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಹಸುವಿನ ಕಾಲುಗಳು ಕಂಬದಂತೆ ದೇಹದ ಕೆಳಗೆ ನೇರವಾಗಿ ನಿಲ್ಲುತ್ತವೆ. ಡೈನೋಸಾರ್‌ನ ಕಾಲು ಈ ವಿಷಯದಲ್ಲಿ ಹಸುವಿನ ಕಾಲಿಗೆ ಹತ್ತಿರ. ದೊಡ್ಡ ದೇಹದ ಭಾರವನ್ನು ಹೊತ್ತು ನಡೆಯಲು ನೆರವಾದ ಮುಖ್ಯ ಹೊಂದಾಣಿಕೆಗಳಲ್ಲಿ ಇದೂ ಒಂದು. ಮನೆಯ ಅಂಗಳದ ಎರಡು ಪ್ರಾಣಿಗಳನ್ನು ಹೋಲಿಸುವ ಈ ಪಾಠಕ್ಕೆ ದುಬಾರಿ ಸಾಧನಗಳು ಬೇಕಿಲ್ಲ.

ಹೊಂದಾಣಿಕೆಯ ಪಾಠ

ಹಲ್ಲುಗಳು ಈ ಪಾಠದ ಎರಡನೆಯ ಸಾಧನ. ಟೈರನೊಸಾರಸ್‌ನ ಹಲ್ಲು ದಪ್ಪ, ಅಂಚು ಗರಗಸದಂಥದು, ಮೂಳೆಯನ್ನೂ ಪುಡಿಮಾಡಬಲ್ಲದು. ಡಿಪ್ಲೊಡೊಕಸ್‌ನ ಹಲ್ಲುಗಳು ಪೆನ್ಸಿಲ್‌ನಂತೆ ತೆಳ್ಳಗೆ, ಬಾಯಿಯ ಮುಂಭಾಗದಲ್ಲಿ ಮಾತ್ರ ಇರುವಂಥವು. ಅವು ಎಲೆಗಳನ್ನು ಕಿತ್ತೆಳೆಯಲು ತಕ್ಕವು, ಅಗಿಯಲು ಅಲ್ಲ. ಬಾತುಕೊಕ್ಕಿನ ಡೈನೋಸಾರ್‌ಗಳ ದವಡೆಯಲ್ಲಿ ನೂರಾರು ಹಲ್ಲುಗಳು ಒತ್ತಾಗಿ ಜೋಡಿಕೊಂಡು ಅರೆಯುವ ಕಲ್ಲಿನಂತೆ ಕೆಲಸ ಮಾಡುತ್ತಿದ್ದವು. ಇಲ್ಲೆಲ್ಲ ರೂಪದಿಂದ ಉಪಯೋಗಕ್ಕೆ ಸಾಗುವ ದಾರಿ ಸಾಕಷ್ಟು ಗಟ್ಟಿಯಾಗಿದೆ.

ಸ್ಟೆಗೊಸಾರಸ್‌ನ ಫಲಕಗಳ ವಿಷಯ ಹಾಗಲ್ಲ. 1877ರಲ್ಲಿ ಅದನ್ನು ಹೆಸರಿಸಿದ ಓತ್ನಿಯಲ್ ಮಾರ್ಷ್ ಆ ಫಲಕಗಳು ಹೆಂಚುಗಳಂತೆ ಬೆನ್ನಿನ ಮೇಲೆ ಮಲಗಿದ್ದವೆಂದು ತಿಳಿದಿದ್ದರಿಂದಲೇ ಅದಕ್ಕೆ ಛಾವಣಿಯ ಹಲ್ಲಿ ಎಂಬ ಅರ್ಥದ ಹೆಸರು ಬಂದಿತು. ಮುಂದೆ ಅವು ನಿಂತಿದ್ದವೆಂದು ತಿಳಿಯಿತು. ಅವುಗಳ ಮೇಲ್ಮೈಯಲ್ಲಿ ರಕ್ತನಾಳಗಳ ಗುರುತುಗಳಿವೆ. ರಕ್ಷಣೆಗೆ, ದೇಹದ ಶಾಖವನ್ನು ಹದದಲ್ಲಿಡಲು, ತನ್ನವರಿಗೆ ತನ್ನನ್ನು ತೋರಿಸಿಕೊಳ್ಳಲು ಎಂಬ ಮೂರು ವಿವರಣೆಗಳು ಮಂಡಿತವಾಗಿವೆ. ‘ರಕ್ಷಣೆಗಾಗಿ’ ಎಂಬ ಒಂದೇ ಉತ್ತರವನ್ನು ಬರೆಸುವ ಪಾಠ ಈ ಚರ್ಚೆಯನ್ನೇ ಅಳಿಸಿಬಿಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆ ‘ಗಾಗಿ’ ಎಂಬ ಪ್ರತ್ಯಯದಲ್ಲಿಯೇ ಇದೆ. ಎತ್ತರದ ಎಲೆಗಳನ್ನು ತಿನ್ನುವುದಕ್ಕಾಗಿ ಕತ್ತು ಉದ್ದವಾಯಿತು ಎಂಬ ವಾಕ್ಯವನ್ನು ಕೇಳಿದ ಮಗು, ಪ್ರಾಣಿ ಬಯಸಿತು, ಅದಕ್ಕೆ ತಕ್ಕಂತೆ ದೇಹ ಬದಲಾಯಿತು ಎಂದೇ ಗ್ರಹಿಸುತ್ತದೆ. ರಾಮನು ಸವರಿದ, ಗೆರೆ ಮೂಡಿತು ಎಂಬ ಕಥೆಯಂತೆಯೇ ಇಲ್ಲಿಯೂ ಒಂದು ಪ್ರಾಣಿಗೆ ಒಮ್ಮೆ ನಡೆದ ಘಟನೆಯಿಂದ ಇಡೀ ಕುಲಕ್ಕೆ ಲಕ್ಷಣ ಬರುತ್ತದೆ. ವಿಕಾಸವಾದ ಹೇಳುವುದು ಬೇರೆ. ಒಂದೇ ಕುಲದ ಪ್ರಾಣಿಗಳಲ್ಲಿ ಚಿಕ್ಕಪುಟ್ಟ ಭೇದಗಳಿರುತ್ತವೆ. ಅವುಗಳಲ್ಲಿ ಕೆಲವು ಮರಿಗಳಿಗೆ ಸಾಗುತ್ತವೆ. ಬದುಕಿಗೆ ಅನುಕೂಲವಾದ ಭೇದವಿದ್ದವು ಹೆಚ್ಚು ಮರಿಗಳನ್ನು ಉಳಿಸುತ್ತವೆ. ಅನೇಕ ತಲೆಮಾರುಗಳಲ್ಲಿ ಆ ಭೇದ ಕುಲದ ಲಕ್ಷಣವಾಗುತ್ತದೆ. ಇದರಲ್ಲಿ ಬಯಸಿದವರೂ ಇಲ್ಲ, ವರ ಕೊಟ್ಟವರೂ ಇಲ್ಲ.

ಇಂಗ್ಲೆಂಡಿನಲ್ಲಿ 2014ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ರಾಷ್ಟ್ರೀಯ ಪಠ್ಯಕ್ರಮವು ಈ ಎರಡು ಹಂತಗಳನ್ನೂ ಪ್ರಾಥಮಿಕ ಶಾಲೆಯೊಳಗೇ ತಂದಿತು. ಏಳೆಂಟು ವರ್ಷದ ಮಕ್ಕಳು ಶಿಲೆಗಳ ಪಾಠದಲ್ಲಿ ಪಳೆಯುಳಿಕೆ ಹೇಗೆ ಉಂಟಾಗುತ್ತದೆಂದು ಕಲಿಯುತ್ತಾರೆ. ಹತ್ತು ಹನ್ನೊಂದರ ವಯಸ್ಸಿನಲ್ಲಿ ಸಂತತಿಯಲ್ಲಿ ಕಾಣುವ ಭೇದ, ಪರಿಸರಕ್ಕೆ ಹೊಂದಾಣಿಕೆ, ವಿಕಾಸ ಇವುಗಳನ್ನು ಒಟ್ಟಿಗೆ ಕಲಿಯುತ್ತಾರೆ. ಮೊದಲು ಸಾಕ್ಷ್ಯ, ಅನಂತರ ವಿವರಣೆ ಎಂಬ ಈ ಕ್ರಮ ಗಮನಿಸತಕ್ಕದ್ದು.

ಭಾರತದ ನೆಲದ ಸಾಕ್ಷ್ಯಗಳು

ಡೈನೋಸಾರ್ ಎಂದರೆ ವಿದೇಶದ ಪ್ರಾಣಿ ಎಂಬ ಭಾವನೆ ಭಾರತದ ಮಕ್ಕಳಲ್ಲಿ ಸಾಮಾನ್ಯ. 1993ರ ಜುರಾಸಿಕ್ ಪಾರ್ಕ್ ಚಲನಚಿತ್ರದ ನಂತರ ಆ ಭಾವನೆ ಇನ್ನಷ್ಟು ಬಲವಾಯಿತು. ಆದರೆ ಡೈನೊಸಾರಿಯಾ ಎಂಬ ಹೆಸರು ಹುಟ್ಟುವ ಮೊದಲೇ, 1828ರಲ್ಲಿ, ಸೇನಾಧಿಕಾರಿ ಸ್ಲೀಮನ್ ಜಬಲ್‌ಪುರದಲ್ಲಿ ಅಂಥ ಮೂಳೆಗಳನ್ನು ಸಂಗ್ರಹಿಸಿದ್ದನು. ರಿಚರ್ಡ್ ಲೈಡೆಕರ್ 1877ರಲ್ಲಿ ಜಬಲ್‌ಪುರದ ಅವಶೇಷಗಳಿಗೆ ಟೈಟನೊಸಾರಸ್ ಇಂಡಿಕಸ್ ಎಂದು ಹೆಸರಿಟ್ಟನು. ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ ದೊರೆತ ಬರಾಪಸಾರಸ್ ಟಾಗೋರೈ 1975ರಲ್ಲಿ ಪ್ರಕಟವಾಯಿತು. ಬಂಗಾಳಿಯಲ್ಲಿ ದೊಡ್ಡ ಕಾಲು ಎಂಬ ಅರ್ಥದ ಪದಗಳಿಗೆ ರವೀಂದ್ರನಾಥ ಠಾಕೂರರ ಹೆಸರು ಕೂಡಿ ಆದ ನಾಮಧೇಯವಿದು. ಅದರ ಅಸ್ಥಿಪಂಜರ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದೆ. ಗುಜರಾತಿನ ರೈಯೋಲಿಯಲ್ಲಿ ದೊರೆತ ಮಾಂಸಾಹಾರಿ ರಾಜಸಾರಸ್ ನರ್ಮದೆನ್ಸಿಸ್‌ಗೆ 2003ರಲ್ಲಿ ಹೆಸರಾಯಿತು. ಅಲ್ಲಿಯ ವಸ್ತುಸಂಗ್ರಹಾಲಯ 2019ರಲ್ಲಿ ತೆರೆಯಿತು.

ಹೊಂದಾಣಿಕೆಯ ಪಾಠಕ್ಕೆ ಭಾರತದ ಎರಡು ಶೋಧಗಳು ವಿಶೇಷವಾಗಿ ಒದಗುತ್ತವೆ. ಮಹಾರಾಷ್ಟ್ರದ ಪಿಸ್ದುರಾದಲ್ಲಿ ದೊರೆತ, ಕಲ್ಲಾಗಿ ಉಳಿದ ಲದ್ದಿಯನ್ನು ಪರೀಕ್ಷಿಸಿದ ವಂದನಾ ಪ್ರಸಾದ್ ಮತ್ತು ಸಂಗಡಿಗರು, ಸಸ್ಯಕೋಶಗಳಲ್ಲಿ ಕಟ್ಟಿಕೊಳ್ಳುವ ಸೂಕ್ಷ್ಮ ಸಿಲಿಕಾ ಕಣಗಳ ಆಧಾರದಿಂದ ಅದರಲ್ಲಿ ಹುಲ್ಲಿನ ಅಂಶವಿದೆ ಎಂದು 2005ರಲ್ಲಿ ತೋರಿಸಿದರು. ಡೈನೋಸಾರ್‌ಗಳ ಕಾಲದಲ್ಲಿ ಹುಲ್ಲು ಇಷ್ಟು ಬಗೆಬಗೆಯಾಗಿ ಬೆಳೆದಿರಲಿಲ್ಲ ಎಂಬ ಅಲ್ಲಿಯವರೆಗಿನ ಗ್ರಹಿಕೆ ಇದರಿಂದ ಬದಲಾಯಿತು. ಪ್ರಾಣಿ ಏನು ತಿನ್ನುತ್ತಿತ್ತು ಎಂಬ ಪ್ರಶ್ನೆಗೆ ಹಲ್ಲು ಕೊಡುವ ಉತ್ತರ ಊಹೆಯಾದರೆ ಲದ್ದಿ ಕೊಡುವ ಉತ್ತರ ಪ್ರತ್ಯಕ್ಷ ಸಾಕ್ಷಿ. ಗುಜರಾತಿನಲ್ಲಿ ದೊರೆತ, 2010ರಲ್ಲಿ ಪ್ರಕಟವಾದ ಸನಾಜೆ ಇಂಡಿಕಸ್ ಎಂಬ ಹಾವಿನ ಪಳೆಯುಳಿಕೆ ಡೈನೋಸಾರ್ ಗೂಡಿನಲ್ಲಿ ಮೊಟ್ಟೆ ಮತ್ತು ಮರಿಯ ಪಕ್ಕದಲ್ಲಿಯೇ ಇತ್ತು. ಸುಮಾರು ಮೂರೂವರೆ ಮೀಟರ್ ಉದ್ದದ ಹಾವು, ಸುಮಾರು ಅರ್ಧ ಮೀಟರ್ ಉದ್ದದ ಮರಿ. ದೈತ್ಯಗಾತ್ರದ ಪ್ರಾಣಿಗೂ ಬಾಲ್ಯದಲ್ಲಿ ಭಯವಿತ್ತು ಎಂಬುದನ್ನು ಮಕ್ಕಳಿಗೆ ಬೇರೆ ಮಾತಿನಲ್ಲಿ ಹೇಳಬೇಕಾಗಿಲ್ಲ.

ಕರ್ನಾಟಕದ ಬಹುಭಾಗದ ಶಿಲೆಗಳು ಇವೆಲ್ಲಕ್ಕಿಂತ ಬಹಳ ಹಳೆಯವು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನ. ಮೂಳೆಯುಳ್ಳ ಪ್ರಾಣಿಗಳೇ ಇಲ್ಲದ ಕಾಲದ ಕಲ್ಲಿನಲ್ಲಿ ಮೂಳೆಯನ್ನು ಹುಡುಕಲಾಗದು. ಆದರೆ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ಹಲವು ಭಾಗಗಳ ಕೆಳಗೆ ಹಾಸಿರುವ ದಖ್ಖನ್ ಲಾವಾ ಶಿಲೆ ಡೈನೋಸಾರ್‌ಗಳ ಕೊನೆಗಾಲದ ಆಸುಪಾಸಿನದು. ಆ ಶಿಲೆ ಸವೆದು ಆದದ್ದೇ ಅಲ್ಲಿಯ ಎರೆಭೂಮಿ. ಜೋಳ ಬೆಳೆಯುವ ಆ ಕಪ್ಪುಮಣ್ಣಿನ ಒಂದು ಹಿಡಿಯನ್ನು ಕೈಗೆತ್ತಿಕೊಂಡು ಈ ಪಾಠವನ್ನು ಆರಂಭಿಸಲು ಅಲ್ಲಿಯ ಶಿಕ್ಷಕರಿಗೆ ಅವಕಾಶವಿದೆ.

ಪಾಡ್ಲ್ಯಾದ ಭೈರವ

ಮಧ್ಯಪ್ರದೇಶದ ಧಾರ್ ಜಿಲ್ಲೆಯ ನರ್ಮದಾ ಕಣಿವೆಯಲ್ಲಿ 92 ಗೂಡುಗಳನ್ನೂ 256 ಮೊಟ್ಟೆಗಳನ್ನೂ ಗುರುತಿಸಿದ ಅಧ್ಯಯನವೊಂದು 2023ರ ಜನವರಿಯಲ್ಲಿ ಪ್ರಕಟವಾಯಿತು. ಅದೇ ಜಿಲ್ಲೆಯ ಪಾಡ್ಲ್ಯಾ ಗ್ರಾಮದಲ್ಲಿ ರೈತರು ಹೊಲದಲ್ಲಿ ದೊರೆತ ದುಂಡು ಕಲ್ಲುಗಳನ್ನು ‘ಕಾಕಡ್ ಭೈರವ’ ಎಂಬ ಹೆಸರಿನಿಂದ ಹೊಲವನ್ನೂ ದನಕರುಗಳನ್ನೂ ಕಾಯುವ ದೈವವಾಗಿ ಪೂಜಿಸುತ್ತಿದ್ದರು. ಅವು ಡೈನೋಸಾರ್ ಮೊಟ್ಟೆಗಳ ಪಳೆಯುಳಿಕೆಗಳೆಂದು ತಜ್ಞರು ಗುರುತಿಸಿದ ಸುದ್ದಿ 2023ರ ಡಿಸೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಬಂದಿತು. ದನಕರುಗಳ ಕ್ಷೇಮಕ್ಕಾಗಿ ಕರುಗಲ್ಲಿಗೆ ಪೂಜೆ ಸಲ್ಲಿಸುವ ಕನ್ನಡ ನಾಡಿನ ಗ್ರಾಮಾಚರಣೆಯನ್ನು ಬಲ್ಲವರಿಗೆ ಈ ನಂಬಿಕೆ ಅಪರಿಚಿತವೆನಿಸದು.

ಈ ಸುದ್ದಿಯನ್ನು ಮೂಢನಂಬಿಕೆಯ ನಿದರ್ಶನವೆಂದು ನಕ್ಕು ಬಿಡುವುದು ಸುಲಭ. ಆದರೆ ನೆಲದಲ್ಲಿ ಬೇರೆ ಕಲ್ಲುಗಳಿಗಿಂತ ಭಿನ್ನವಾದ ಕಲ್ಲನ್ನು ಗುರುತಿಸಿದವರು, ಅದನ್ನು ಒಡೆಯದೆ ಕಾಪಾಡಿದವರು ಆ ರೈತರೇ. ನಮ್ಮ ಹೊಲವನ್ನು ಕಾಯುವವರು ಯಾರು ಎಂಬುದು ಅವರ ಪ್ರಶ್ನೆ. ಈ ಕಲ್ಲು ಹೇಗೆ ಉಂಟಾಯಿತು ಎಂಬುದು ವಿಜ್ಞಾನದ ಪ್ರಶ್ನೆ. ಎರಡು ಪ್ರಶ್ನೆಗಳು ಬೇರೆ ಬೇರೆ ಎಂಬುದನ್ನು ಅರಿತ ಶಿಕ್ಷಕರು ಪಾಡ್ಲ್ಯಾದ ಮಗುವನ್ನು ಅವಮಾನಿಸದೆಯೇ ಅದಕ್ಕೆ ಎರಡನೆಯ ಪ್ರಶ್ನೆಯನ್ನು ಕಲಿಸಬಲ್ಲರು.

ಇದಕ್ಕೆ ಪ್ರತಿಯಾಗಿ, ವಿದ್ವಾಂಸರೂ ಕಾರಣಕಥೆಯ ಆಕರ್ಷಣೆಗೆ ಹೊರತಲ್ಲ. ಹದ್ದಿನ ತಲೆ, ಸಿಂಹದ ದೇಹದ ಗ್ರಿಫಿನ್ ಎಂಬ ಪೌರಾಣಿಕ ಪ್ರಾಣಿಯ ಕಲ್ಪನೆಗೆ ಮಧ್ಯ ಏಷ್ಯಾದ ಪ್ರೊಟೊಸೆರಾಟಾಪ್ಸ್‌ನ ಪಳೆಯುಳಿಕೆಗಳೇ ಮೂಲವೆಂಬ ವಾದವನ್ನು ಏಡ್ರಿಯನ್ ಮೇಯರ್ 2000ದಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತರಿಸಿದರು. ಅದು ಬಹಳ ಜನಪ್ರಿಯವಾಯಿತು. 2024ರಲ್ಲಿ ಮಾರ್ಕ್ ವಿಟನ್ ಮತ್ತು ರಿಚರ್ಡ್ ಹಿಂಗ್ ಆ ಸಂಬಂಧಕ್ಕೆ ಸಾಕಷ್ಟು ಆಧಾರವಿಲ್ಲವೆಂದು ವಾದಿಸಿದರು. ಹೋಲಿಕೆ ಕಂಡಲ್ಲೆಲ್ಲ ಕಾರಣ ಕಾಣುವ ಮನಸ್ಸು ಹಳ್ಳಿಗೂ ವಿಶ್ವವಿದ್ಯಾನಿಲಯಕ್ಕೂ ಸಮಾನ. ವ್ಯತ್ಯಾಸ ಇರುವುದು ಊಹೆಯನ್ನು ಪರೀಕ್ಷೆಗೆ ಒಡ್ಡುವ ಪದ್ಧತಿಯಲ್ಲಿ.

ಸಮಾರೋಪ

ಭಾರತದಲ್ಲಿ 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಡಲಾಯಿತು. ಅನುವಂಶೀಯತೆ ಮತ್ತು ವಿಕಾಸ ಎಂಬ ಅಧ್ಯಾಯ ಅನುವಂಶೀಯತೆ ಎಂದಷ್ಟೇ ಉಳಿಯಿತು. 1800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರದ ಮೂಲಕ ಇದನ್ನು ವಿರೋಧಿಸಿದರು. ಚರ್ಚೆ ಮುಖ್ಯವಾಗಿ ಪ್ರೌಢಶಾಲೆಯ ಸುತ್ತ ನಡೆಯಿತಾದರೂ ಅದರ ಪರಿಣಾಮ ಪ್ರಾಥಮಿಕ ಹಂತಕ್ಕೂ ತಟ್ಟುವಂಥದು. ಕೆಳಗಿನ ತರಗತಿಯಲ್ಲಿ ಹೊಂದಾಣಿಕೆಯನ್ನು ‘ಗಾಗಿ’ ಎಂಬ ಪ್ರತ್ಯಯದೊಡನೆ ಕಲಿತ ಮಗುವಿಗೆ ಆ ಅರೆವಾಕ್ಯವನ್ನು ಪೂರ್ಣಗೊಳಿಸುವ ಅವಕಾಶ ಮೇಲಿನ ತರಗತಿಯಲ್ಲಿಯೇ ದೊರೆಯಬೇಕು. ಮೇಲಿನ ಪಾಠ ಇಲ್ಲವಾದರೆ ಕೆಳಗಿನ ಪಾಠ ಕಾರಣಕಥೆಯಾಗಿಯೇ ಉಳಿಯುತ್ತದೆ. ಮಹಾವಿದ್ಯಾಲಯದಲ್ಲಿ ಜೀವಶಾಸ್ತ್ರವನ್ನು ಆರಿಸಿಕೊಳ್ಳದ ಬಹುಸಂಖ್ಯೆಯ ವಿದ್ಯಾರ್ಥಿಗಳು ಅದನ್ನೇ ವಿಜ್ಞಾನವೆಂದು ಜೀವನಪೂರ್ತಿ ನಂಬಿರುತ್ತಾರೆ.

ಶಿವರಾಮ ಕಾರಂತರ ‘ಬಾಲಪ್ರಪಂಚ’ದಿಂದ ಮೊದಲ್ಗೊಂಡು ಕನ್ನಡದಲ್ಲಿ ಮಕ್ಕಳಿಗಾಗಿ ವಿಜ್ಞಾನವನ್ನು ಬರೆದವರ ಗೌರವಯುತವಾದ ಪರಂಪರೆಯಿದೆ. ಡೈನೋಸಾರ್‌ಗಳ ಹೆಸರು, ಉದ್ದ, ತೂಕಗಳ ಪಟ್ಟಿ ಈಗ ಎಲ್ಲಿ ಬೇಕಾದರೂ ದೊರೆಯುತ್ತದೆ. ಮಕ್ಕಳ ಪುಸ್ತಕಗಳಲ್ಲಿ ವಿರಳವಾಗಿರುವುದು, ಮೂಗಿನ ಮೇಲಿದ್ದ ಕೊಂಬು ಹೆಬ್ಬೆರಳಿಗೆ ಇಳಿದ ಬಗೆಯನ್ನು ಹೇಳುವ ಪಾಠ. ಅಳಿಲಿನ ಕಥೆಯನ್ನು ಕಥೆಯಾಗಿ ಪ್ರೀತಿಸುವ ಮಗುವೇ ಮೂಳೆಯನ್ನು ಮೂಳೆಯಾಗಿ ಪ್ರಶ್ನಿಸಬಲ್ಲದು. ಎರಡನ್ನೂ ಕಲಿಸುವ ಹೊಣೆ ಶಾಲೆಯದು. ಎರಡರ ವ್ಯತ್ಯಾಸವನ್ನು ಸ್ಪಷ್ಟಪಡಿಸುವಲ್ಲಿ ಜಾನಪದ ಅಧ್ಯಯನವೂ ತನ್ನ ಪಾಲನ್ನು ಸಲ್ಲಿಸಬೇಕಾಗಿದೆ.